ಏಡಿಗೆ ಗಿಡಮೂಲಿಕೆ ಪುಡಿ: ದುಡ್ಡು ಕಳಿಸುವ ಮುಂಚೆ

ಹಿನ್ನೀರಿನ ಬದಿಯಲ್ಲಿ ಗಜನಿ ಜಾಗ ಇರುವ ನಮ್ಮ ಕುಮಟಾ, ಕುಂದಾಪುರ ಕಡೆಯ ಮನೆಗಳಿಂದ ಬರುವ ಫೋನಿನಲ್ಲಿ ಈಗ ಹೊಸ ಖರ್ಚೊಂದು ಸೇರಿದೆ. "ಅಣ್ಣ, ಏಡಿಗೆ ಗಿಡಮೂಲಿಕೆ ಪುಡಿ ಹಾಕಿದ್ರೆ ಬೇಗ ದೊಡ್ಡ ಆಗ್ತದಂತೆ, ಸ್ವಲ್ಪ ದುಡ್ಡು ಕಳಿಸು." ನಾವು ಬಿ.ಕಾಂ. ಓದಿ ಲೆಕ್ಕ ಬರೆಯುವವರು. ಹಾಗಾಗಿ ಲೆಕ್ಕದ ಕಡೆಯಿಂದಲೇ ನೋಡೋಣ.

ಏಡಿ ಕುರಿಮರಿ ಹಾಗೆ ದಿನಾ ಇಷ್ಟಿಷ್ಟೇ ಬೆಳೆಯೋದಿಲ್ಲ. ಹಳೇ ಚಿಪ್ಪು ಕಳಚಿದಾಗ ಮಾತ್ರ ಅದರ ಗಾತ್ರ ಹೆಚ್ಚುತ್ತದೆ. ಆಗ ಮೈ ಮೆತ್ತಗೆ, ಒಳಗೆ ನೀರೇ ಜಾಸ್ತಿ. ಇಂಥ ಪೊಳ್ಳು ಏಡಿ ಕೊಂಡುತಂದು, ಕೆಲವು ವಾರ ಮೇಯಿಸಿ, ಮಾಂಸ ತುಂಬಿದ ಮೇಲೆ ಮಾರುವುದು ಒಂದು ಕಸುಬು. ಆ ಕೆಲವು ವಾರದಲ್ಲಿ ಚಿಪ್ಪು ಹಿಗ್ಗುವುದಿಲ್ಲ. "ದೊಡ್ಡ ಆಗ್ತದೆ" ಅನ್ನುವ ಪುಡಿಗೆ ಅಲ್ಲಿ ಕೆಲಸವೇ ಇಲ್ಲ. ಮರಿ ಬಿಟ್ಟು ತಿಂಗಳುಗಟ್ಟಲೆ ಸಾಕುವವರ ಲೆಕ್ಕ ಬೇರೆ.

ಹಾಗಂತ ಸಸ್ಯಮೂಲದ ಆಹಾರವೆಲ್ಲ ಸುಳ್ಳು ಅಂತಲ್ಲ. ಸೋಯಾ ಹಿಂಡಿ ಪ್ರೋಟೀನ್ ಕೊಟ್ಟು ಮೀನಿನ ಖರ್ಚು ಸ್ವಲ್ಪ ತಗ್ಗಿಸುತ್ತದೆ, ಆದರೆ ಅದು ಬೇಯಿಸಿದ್ದಿರಬೇಕು. ಹಸಿ ಸೋಯಾ ಜೀರ್ಣಕ್ಕೆ ಅಡ್ಡಿ. ಚಿಪ್ಪಿನ ಬಣ್ಣಕ್ಕೆ ಬೇಕಾದ ಕ್ಯಾರೊಟಿನಾಯ್ಡ್ ಏಡಿ ತಾನೇ ತಯಾರಿಸಲಾರದು. ಸ್ಪಿರುಲಿನಾ, ಚೆಂಡುಹೂವಿನಲ್ಲಿ ಅದಿದೆ. ಬೆಳ್ಳುಳ್ಳಿ, ಅರಿಸಿನದಂಥವನ್ನು ರೋಗನಿರೋಧಕ್ಕೆಂದು ಸಂಶೋಧಕರು ಪರೀಕ್ಷಿಸುತ್ತಿದ್ದಾರೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥ ಔಷಧ ಜಲಕೃಷಿಯಲ್ಲಿ ನಿಷಿದ್ಧವಾದ್ದರಿಂದ ಈ ದಾರಿಗೆ ಬೆಲೆ ಬಂದಿದೆ. ಆದರೂ ಕೆಸರೇಡಿ ಮುಖ್ಯವಾಗಿ ಮಾಂಸಾಹಾರಿ. ಚಿಪ್ಪು ಕಳಚಲು ಅದಕ್ಕೆ ಕೊಲೆಸ್ಟರಾಲ್ ಬೇಕು, ಅದನ್ನೂ ಅದು ತಾನೇ ತಯಾರಿಸಲಾರದು, ಗಿಡದಲ್ಲಿ ಸಿಗುವುದು ಅತ್ಯಲ್ಪ. ಅಂದಮೇಲೆ ಮೀನು, ಚಿಪ್ಪಿಮಾಂಸ ಪೂರ್ತಿ ಬಿಡೋ ಹಾಗಿಲ್ಲ.

ಇನ್ನೊಂದು ಮಾತು. ಏಡಿ ಕೊಂಬಿನಲ್ಲಿ ಹಿಡಿದು, ಹರಿದು, ನಿಧಾನಕ್ಕೆ ತಿನ್ನುತ್ತದೆ. ಮೇವಿಗೆ ಅಂಟಿಸದೆ ಸುಮ್ಮನೆ ಎರಚಿದ ಪುಡಿ ನೀರಿಗೆ ಹೋಯಿತು, ನೀರೂ ಕೆಟ್ಟಿತು.

ಈಗ ಲೆಕ್ಕ. ಉದಾಹರಣೆಗೆ ಪುಡಿಗೆ 6,000 ರೂಪಾಯಿ, ಏಡಿ ಕಿಲೋಗೆ 600 ಅಂತ ಇಟ್ಟುಕೊಳ್ಳಿ. ಹಾಕಿದ ಹಣ ವಾಪಸ್ ಬರಲಿಕ್ಕೇ 10 ಕಿಲೋ ಹೆಚ್ಚು ಏಡಿ ಸಿಗಬೇಕು. ಲಾಭ ಶುರುವಾಗೋದು ಹನ್ನೊಂದನೇ ಕಿಲೋದಿಂದ. ನಿಮ್ಮೂರಿನ ನಿಜವಾದ ದರ ಹಾಕಿ ನೀವೇ ಭಾಗಿಸಿ ನೋಡಿ.

ಆ ಹೆಚ್ಚಿನ ಕಿಲೋ ಬರುತ್ತದೋ ಇಲ್ಲವೋ ಅಂತ ತಿಳಿಯಲು ತಮ್ಮನಿಗೆ ಹೀಗೆ ಹೇಳಿ: ಹೊಂಡದಲ್ಲಿ ಬಲೆ ಕಟ್ಟಿ ಎರಡು ಭಾಗ ಮಾಡು. ಎರಡರಲ್ಲೂ ಅಷ್ಟೇ ಏಡಿ, ಅದೇ ಗಾತ್ರ, ಅದೇ ಮೇವು. ಪುಡಿ ಕಲಸಿದ ಮೇವು ಒಂದಕ್ಕೆ ಮಾತ್ರ. ಬಿಟ್ಟದ್ದು ಎಷ್ಟು, ಉಳಿದದ್ದು ಎಷ್ಟು, ಒಟ್ಟು ತೂಕ ಎಷ್ಟು, ಮೇವಿಗೆ ಎಷ್ಟು ಹೋಯ್ತು, ನಾಲ್ಕನ್ನೂ ಪುಸ್ತಕದಲ್ಲಿ ಬರೆದಿಡು. "ಉಳಿದದ್ದು" ಬಹಳ ಮುಖ್ಯ, ಯಾಕಂದ್ರೆ ಚಿಪ್ಪು ಕಳಚಿ ಮೆತ್ತಗಾದ ಏಡಿಯನ್ನು ಉಳಿದವು ತಿಂದುಬಿಡುತ್ತವೆ. ಅಡಗಲು ಪೈಪಿನ ತುಂಡೋ ಹಳೇ ಹೆಂಚೋ ಹಾಕಿದರೆ ಆ ನಷ್ಟ ತಗ್ಗುತ್ತದೆ, ಖರ್ಚೂ ಕಡಿಮೆ.

ಸ್ನೇಹಿತರೇ, ಬಿಸಿಲಲ್ಲಿ ನಿಂತು ದುಡಿದ ದುಡ್ಡು ಇದು. ಮೊದಲ ಸಲ ಒಂದು ಸಣ್ಣ ಪ್ಯಾಕೆಟ್ಟಿಗೆ ಆಗುವಷ್ಟೇ ಕಳಿಸಿ. ಎರಡನೇ ಸಲ ಕಳಿಸುವ ಮುಂಚೆ ಆ ಪುಸ್ತಕದ ಹಾಳೆಯ ಫೋಟೋ ತರಿಸಿಕೊಳ್ಳಿ.