ಹಿತ್ತಲ ಮಾತು: ಕೋಳಿಗೂಡಿಗೆ ಇಲಿ ಬಂದಾಗ



ಹೋದ ಮಳೆಗಾಲದಲ್ಲಿ ನಮ್ಮ ಕೆಂಚಿ ಕೋಳಿ 11 ಮರಿ ಮಾಡಿತ್ತು. ಮೂರನೆಯ ದಿನ ಬೆಳಿಗ್ಗೆ ಮಂಕರಿ ಎತ್ತಿ ನೋಡ್ತೀನಿ, ಏಳೇ ಮರಿ! ತಾಯಿಕೋಳಿ ಗರಿ ಕೆದರಿಕೊಂಡು ಮೂಲೆಯಲ್ಲಿ ನಿಂತಿದೆ. ಮಂಕರಿಯ ಅಂಚಿನ ಕೆಳಗೆ ಹೊಸದಾಗಿ ಕೆದಕಿದ ಮಣ್ಣು. ಇದು ಕಾಗೆಯದೂ ಅಲ್ಲ, ಬೆಕ್ಕಿನದೂ ಅಲ್ಲ, ಹೆಗ್ಗಣದ ಕೆಲಸ ಅಂತ ಆಗಲೇ ಗೊತ್ತಾಯಿತು.

ನಮ್ಮ ಕೆಸರೆ ಈಗ ಮೈಸೂರಿನೊಳಗೇ ಸೇರಿಹೋಗಿದೆ. ಆದರೂ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವ ಮನೆಗಳು ಇನ್ನೂ ಇವೆ. ನಮ್ಮನೆ ಹಿಂದೆ ಖಾಲಿ ಸೈಟು, ಪಕ್ಕದಲ್ಲಿ ಮೋರಿ. ಇಲಿಗೆ ಇನ್ನೇನು ಬೇಕು ಹೇಳಿ?

ಸಿಟ್ಟಿನಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಅಂಗಡಿಯಿಂದ ಇಲಿ ಪಾಷಾಣದ ಪೇಸ್ಟ್ ತರಿಸಿ, ಟೊಮೇಟೊ ಹೋಳಿಗೆ ಸವರಿ ಗೂಡಿನ ಹಿಂದೆ ಇಟ್ಟೆ. ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದರೆ, ಪಕ್ಕದ ಮನೆಯವರ ಮೂರು ವರ್ಷದ ಮೊಮ್ಮಗಳು ಆ ಹೋಳನ್ನು ಕೈಲಿ ಹಿಡಿದು ನಿಂತಿದ್ದಾಳೆ! "ಆಂಟೀ, ಹಣ್ಣು" ಅಂತ ನನಗೇ ನೀಡಿದಳು. ನನ್ನ ಕೈಕಾಲು ತಣ್ಣಗಾಯಿತು. ಬಾಯಿಗೆ ಇಟ್ಟುಕೊಂಡಿದ್ದಳೋ ಇಲ್ಲವೋ ಯಾರಿಗೆ ಗೊತ್ತು? ಕೈ, ಬಾಯಿ ತೊಳೆಸಿ, ಪೇಸ್ಟಿನ ಟ್ಯೂಬ್ ಸಮೇತ ಆಸ್ಪತ್ರೆಗೆ ಓಡಿದೆವು. ದೇವರು ದೊಡ್ಡವನು, ಮಗುವಿಗೆ ಏನೂ ಆಗಲಿಲ್ಲ. ಆ ರಾತ್ರಿ ನನಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಮಾರನೆಯ ದಿನ ಮಗುವಿನ ಅಜ್ಜಿಯ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವರು ಬೈಯಲಿಲ್ಲ. "ಇಲಿ ನಿನ್ನ ಕೋಳಿಗಂತ ಬರಲಿಲ್ಲ ಕಣವ್ವ. ನೀನು ಸಂಜೆ ಚೆಲ್ಲಿ ಬಿಡ್ತೀಯಲ್ಲ ನುಚ್ಚು, ಅದಕ್ಕೆ ಬಂತು. ಬಂದಮೇಲೆ ಮರಿ ಕಂಡಿತು" ಅಂದರು. ಆ ಮಾತು ನಿಜ. ಅದನ್ನು ಹೇಳುವುದಕ್ಕೇ ಈ ಸಲದ ಅಂಕಣ.

ಮೊದಲು ಪಾಷಾಣದ ವಿಚಾರ. ಇಲಿ ಪೇಸ್ಟುಗಳಲ್ಲಿ ಕೆಲವಕ್ಕೆ ಹಳದಿ ಫಾಸ್ಫರಸ್ ಹಾಕಿರುತ್ತಾರೆ. ಅದಕ್ಕೆ ಪ್ರತಿವಿಷವಿಲ್ಲ. ತಿಂದವರು ಒಂದೆರಡು ದಿನ ಚೆನ್ನಾಗೇ ಇದ್ದಂತೆ ಕಾಣಬಹುದು, ಆಮೇಲೆ ಪಿತ್ತಜನಕಾಂಗ ಕೆಡುತ್ತದೆ. ಆದ್ದರಿಂದ ಅನುಮಾನ ಬಂದರೂ ಸಾಕು, ವಾಂತಿ ಆಗಲಿ ನೋಡೋಣ ಅಂತ ಕಾಯಬೇಡಿ. ಹಾಲು, ತುಪ್ಪ, ಎಣ್ಣೆ ಏನೂ ಕುಡಿಸಬೇಡಿ, ಜಿಡ್ಡಿನ ಜೊತೆ ಆ ವಿಷ ಇನ್ನೂ ಬೇಗ ಮೈಗೆ ಹತ್ತುತ್ತದೆ. ಡಬ್ಬಿಯನ್ನೋ ಟ್ಯೂಬನ್ನೋ ಹಿಡಿದು ಸೀದಾ ದೊಡ್ಡಾಸ್ಪತ್ರೆಗೆ ಹೋಗಿ. ಬಿಲ್ಲೆಯಂಥ ಬೇರೆ ಇಲಿ ಮದ್ದುಗಳೂ ಇವೆ. ಅವನ್ನು ತಿಂದು ಸತ್ತ ಇಲಿಯನ್ನು ಬೆಕ್ಕೋ ಗೂಬೆಯೋ ತಿಂದರೆ ಅದಕ್ಕೂ ಅಪಾಯ. ಇಲಿ ಹಿಡಿಯುವ ಬೆಕ್ಕು ಗೂಬೆಗಳನ್ನು ನಾವೇ ಕೊಂದುಕೊಂಡ ಹಾಗೆ.

ಅದೂ ಅಲ್ಲದೆ ಕೊಲ್ಲುವುದರಿಂದ ಮಾತ್ರ ಇಲಿ ಮುಗಿಯುವುದಿಲ್ಲ. ನಮ್ಮ ಕೋಳಿ 21 ದಿನ ಕಾವು ಕೂತು ಮರಿ ಮಾಡುತ್ತದಲ್ಲವೇ? ಇಲಿಯೂ ಸುಮಾರು ಅಷ್ಟೇ ದಿನಕ್ಕೆ ಈಯುತ್ತದೆ, ಒಂದು ಸೂಲಿಗೆ ಆರೆಂಟು ಮರಿ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧ. ಕಾಳು ಸಿಗುವ ತನಕ ಒಂದು ಹೋದರೆ ಇನ್ನೊಂದು ಬಂದೇ ಬರುತ್ತದೆ.

ನಮ್ಮ ಮೈಸೂರಿಗೆ ಈ ಪಾಠ ಹೊಸದಲ್ಲ. 1898ರ ಸುಮಾರಿಗೆ ಪ್ಲೇಗ್ ಬಂದಾಗ, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರಾಚೆ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ಆಮೇಲೆ 1903ರಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಮಾಡಿ, ಗಾಳಿ ಬೆಳಕು ಬರುವ ಬಡಾವಣೆ, ಅಗಲ ಬೀದಿ, ಚರಂಡಿ ಮಾಡಿಸಿದರು. ಇಲಿ ಇರುವ ಜಾಗವನ್ನೇ ಬದಲಿಸಿದರು. ನಾವೂ ಹಿತ್ತಲಲ್ಲಿ ಅದನ್ನೇ ಮಾಡಬೇಕು.

ನಾನು ಮಾಡಿದ್ದು ಇಷ್ಟು:

1. ಕೋಳಿಗೆ ಬೆಳಿಗ್ಗೆ ಕಾಳು ಹಾಕಿ. ದೊಡ್ಡ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಸಾಕು, ಹಿತ್ತಲಲ್ಲಿ ಮೇಯುವ ಕೋಳಿಗೆ ಇನ್ನೂ ಕಡಿಮೆ. ಕತ್ತಲಾಗುವ ಮೊದಲು ಉಳಿದದ್ದನ್ನು ಗುಡಿಸಿ ತೆಗೆಯಿರಿ. ರಾಗಿ, ನುಚ್ಚು, ಜೋಳ ಎಲ್ಲಾ ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿರಲಿ. ಗೋಣಿಚೀಲವನ್ನೂ ಪ್ಲಾಸ್ಟಿಕ್ಕನ್ನೂ ಇಲಿ ಕಡಿಯುತ್ತದೆ.

2. ಮೊಟ್ಟೆಯನ್ನು ಸಂಜೆಯೊಳಗೆ ಎತ್ತಿಡಿ.

3. ಗೂಡನ್ನು ನೆಲದಿಂದ ಎರಡಡಿ ಎತ್ತರಿಸಿ. ತೆಂಗಿನ ಮರಕ್ಕೆ ಇಲಿ ಹತ್ತದಂತೆ ತಗಡು ಸುತ್ತುತ್ತಾರಲ್ಲ, ಹಾಗೇ ಗೂಡಿನ ಕಾಲಿಗೂ ಸುತ್ತಿ. ಹತ್ತಿರದಲ್ಲಿ ಸೌದೆ, ಹಳೇ ಹಂಚು, ಇಟ್ಟಿಗೆ ಪೇರಿಸಬೇಡಿ.

4. ಕೋಳಿ ಸಾಕುವವರು ತರುವ ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆ, ಇಲಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಜಾಲರಿಯೇ ಆಗಬೇಕು. ಸುಂಡಿಲಿ ಕಾಟ ಇದ್ದರೆ ಕಾಲಿಂಚು. ಗೂಡು ನೆಲದ ಮೇಲೇ ಇದ್ದರೆ ಜಾಲರಿಯನ್ನು ಒಂದಡಿ ಹೂತು, ತುದಿಯನ್ನು ಹೊರಕ್ಕೆ ಬಗ್ಗಿಸಿ.

5. ಸಂಜೆ ಬಿಲಕ್ಕೆಲ್ಲ ಮಣ್ಣು ಮುಚ್ಚಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆ. ಬೋನನ್ನು ಅದರ ಹತ್ತಿರ ಗೋಡೆ ಬದಿಗೆ ಇಡಿ, ಇಲಿ ಗೋಡೆ ಹಿಡಿದೇ ಓಡಾಡುತ್ತದೆ. ಹೊಸ ವಸ್ತು ಕಂಡರೆ ಅದಕ್ಕೆ ಸಂಶಯ. ಹಾಗಾಗಿ ಮೂರು ನಾಲ್ಕು ರಾತ್ರಿ ಬೋನನ್ನು ಹೂಡದೆ, ಸುಟ್ಟ ಕೊಬ್ಬರಿ ಚೂರು ಇಟ್ಟು ರುಚಿ ಹತ್ತಿಸಿ, ಆಮೇಲೆ ಹೂಡಿ. ಮಕ್ಕಳೂ ಕೋಳಿಗಳೂ ಮುಟ್ಟದಂತೆ ಮರದ ಪೆಟ್ಟಿಗೆ ಕವುಚಿ, ಇಲಿ ನುಗ್ಗುವಷ್ಟೇ ಸಂದು ಬಿಡಿ.

6. ಇಲಿ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ನೆನೆದ ಮೇಲೆ ಬಳಿಯಿರಿ. ಸತ್ತ ಇಲಿಯನ್ನು ಬರಿಗೈಲಿ ಮುಟ್ಟದೆ ಆಳವಾಗಿ ಹೂಳಿ. ಇಲಿ ಮೂತ್ರ ಸೇರಿದ ನೀರಿನಿಂದ ಇಲಿ ಜ್ವರ ಬರುತ್ತದೆ. ಕಾಲಲ್ಲಿ ಗಾಯವಿದ್ದರೆ ಮಳೆನೀರಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಜ್ವರ, ಮೈಕೈ ನೋವು ಬಂದರೆ ಮನೆ ಹತ್ತಿರ ಇಲಿ ಇದೆ ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಈಗ ಇಲಿ ಪೂರ್ತಿ ಹೋಯಿತೇ ಅಂತ ಕೇಳಬಹುದು. ಇಲ್ಲ ಕಣ್ರೀ, ಮೋರಿ ಇರುವ ತನಕ ಇಲಿ ಇರುತ್ತದೆ. ಆದರೆ ನಮ್ಮ ಗೂಡಿನ ಸುತ್ತ ಹೊಸ ಬಿಲ ಕಂಡು ತಿಂಗಳುಗಳಾದವು. ಆ ಏಳು ಮರಿಗಳಲ್ಲಿ ಆರು ದೊಡ್ಡವಾದವು. ಅದರಲ್ಲೊಂದು ಹೇಂಟೆ ಈಗ ಮೊಟ್ಟೆಗೆ ಬಂದಿದೆ. ಮೊದಲ ಮೊಟ್ಟೆಯನ್ನು ಪಕ್ಕದ ಮನೆಯ ಆ ಪುಟ್ಟಿಗೇ ಬೇಯಿಸಿ ಕೊಟ್ಟೆ.

ಮನೆಯಲ್ಲಿ ಎಲ್ಲಾದರೂ ಇಲಿ ಪೇಸ್ಟಿನ ಟ್ಯೂಬ್ ಉಳಿದಿದೆಯೇ? ಇವತ್ತೇ ಹುಡುಕಿ, ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿಡಿ. ಆಮೇಲೆ ಪೊರಕೆ ತೆಗೆದುಕೊಂಡು ಗೂಡಿನ ಮುಂದೆ ಚೆಲ್ಲಿದ ಕಾಳು ಗುಡಿಸಿ.