ಅನ್ಯಗ್ರಹಾನ್ವೇಷಣೆಯೂ ಯಂತ್ರಪರೀಕ್ಷೆಯೂ

ಅನ್ಯ ನಕ್ಷತ್ರಗಳನ್ನು ಸುತ್ತುತ್ತಿರುವ ಗ್ರಹಗಳನ್ನು ಅರಸುವುದಕ್ಕಾಗಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರು 2014ರಲ್ಲಿ ಆರಿಸಿಕೊಂಡ 'ಪ್ಲಾಟೋ' ನೌಕೆಗೆ, 26 ಕ್ಯಾಮರಾಗಳೂ ಜೋಡಿಸಲ್ಪಟ್ಟುದು 2025ರಲ್ಲಿ. ಕ್ಯಾಮರಾ ಕೂಡಿಸುವುದಕ್ಕೆ ಹನ್ನೊಂದು ವರ್ಷಗಳೇ ಎಂದು ಹುಬ್ಬೇರಿಸುವವರು ನಮ್ಮಲ್ಲಿ ಇಲ್ಲದಿಲ್ಲ. ಈ ಆಕ್ಷೇಪಣೆಯನ್ನು ನಾವು ಒಪ್ಪಲಾರೆವು.

ಕಾರ್ಯದ ಸೂಕ್ಷ್ಮತೆಯನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ನಮ್ಮ ಭೂಮಿಯು ಸೂರ್ಯಬಿಂಬವನ್ನು ಹಾಯುವುದನ್ನು ದೂರದಿಂದ ನೋಡುವವನಿಗೆ, ಸೂರ್ಯನ ಕಾಂತಿಯು ಸುಮಾರು 13 ಗಂಟೆಗಳ ಕಾಲ 12,000ದಲ್ಲಿ ಒಂದು ಪಾಲಿನಷ್ಟು ಮಾತ್ರ ಕುಂದಿ ತೋರುವುದು. ಅದೂ ವರ್ಷಕ್ಕೆ ಒಂದೇ ಸಲ. ಹನ್ನೆರಡು ಸಾವಿರ ರೂಪಾಯಿಗಳ ಚೀಲದಿಂದ ಒಂದು ರೂಪಾಯಿ ಹೋದುದನ್ನು ಚೀಲವನ್ನು ಬಿಚ್ಚದೆಯೇ ಹೇಳಬೇಕಾದ ಖಜಾನೆಯ ಗುಮಾಸ್ತನ ಪಾಡು ಈ ಕ್ಯಾಮರಾದ್ದು. ಯಂತ್ರವೇ ಅಷ್ಟು ಕದಲಿದರೆ ಇಲ್ಲದ ಗ್ರಹವು ಕಂಡೀತು, ಇದ್ದ ಗ್ರಹವು ಮರೆಯಾದೀತು.

ಆದುದರಿಂದಲೇ ಪ್ರತಿಯೊಂದು ಕ್ಯಾಮರಾವನ್ನೂ ಬೆಲ್ಜಿಯಮ್ಮಿನ ಲಿಯೇಜಿನಲ್ಲಿ ಕೂಡಿಸಿ, ನೆದರ್ಲೆಂಡ್ಸಿನ ಗ್ರೋನಿಂಗನ್, ಫ್ರಾನ್ಸಿನ ಓರ್ಸೆ, ಸ್ಪೆಯಿನಿನ ಮ್ಯಾಡ್ರಿಡ್ ಈ ಮೂರರಲ್ಲೊಂದು ಪರೀಕ್ಷಾಗೃಹಕ್ಕೆ ಕಳುಹಿಸಲಾಯಿತು. ಅಲ್ಲಿ ನಿರ್ವಾತ ಕೋಷ್ಠದೊಳಗಿಟ್ಟು, ಶೂನ್ಯಕ್ಕಿಂತ ಸುಮಾರು 80 ಡಿಗ್ರಿ ಕೆಳಗಿನ ಶೀತಕ್ಕೆ ಇಳಿಸಿ, ಕೃತಕ ನಕ್ಷತ್ರದ ಬೆಳಕನ್ನು ಹಾಯಿಸಿ ನೋಡುವರು. ಬಿಂಬವು ಸ್ಪಷ್ಟವಾಗುವಂತೆ ಮಸೂರಗಳನ್ನು ತಿರುಗಿಸುವ ತಿರುಪು ಇದರಲ್ಲಿಲ್ಲ. ಉಷ್ಣತೆಯನ್ನು ಕಿಂಚಿತ್ತು ಏರಿಸಿ ಇಳಿಸಿಯೇ ಅದನ್ನು ಸಾಧಿಸಬೇಕು.

ಶೀತದ ಮಹಿಮೆಯನ್ನು ಅಮೆರಿಕದವರು ಬಲ್ಲರು. ಅವರ 'ಟೆಸ್' ನೌಕೆಯ ನಾಲ್ಕು ಕ್ಯಾಮರಾಗಳು ಶೈತ್ಯದಲ್ಲಿ ಎಣಿಸಿದ್ದಕ್ಕಿಂತ ಹೆಚ್ಚಾಗಿ ಕೇಂದ್ರೀಕರಣ ತಪ್ಪುವುವೆಂದು ಪರೀಕ್ಷೆಯಲ್ಲಿ ತಿಳಿದುಬಂದಿತು. 2017ರಲ್ಲಿ ನಾಸಾ ಸಂಸ್ಥೆಯು ಇದನ್ನು ಮುಚ್ಚಿಡದೆ ಒಪ್ಪಿಕೊಂಡು, ಉದ್ದೇಶಕ್ಕೆ ಬಾಧಕವಿಲ್ಲವೆಂದು ನಿರ್ಧರಿಸಿ, 2018ರ ಏಪ್ರಿಲಿನಲ್ಲಿ ನೌಕೆಯನ್ನು ಹಾರಿಸಿತು. ನೂರಾರು ಗ್ರಹಗಳು ಅದರಿಂದ ದೊರೆತಿವೆ. ದೋಷವು ಮೊದಲೇ ಅಳೆಯಲ್ಪಟ್ಟಿದ್ದರಿಂದಲ್ಲವೇ ಧೈರ್ಯವಾಗಿ ಮುಂದುವರಿಯಲು ಸಾಧ್ಯವಾದುದು?

ಹಬಲ್ ದೂರದರ್ಶಕದ ಕಥೆಯು ಬೇರೆ. ಅದರ ಕನ್ನಡಿಯನ್ನು ಅಳೆದ ಉಪಕರಣವೇ 1.3 ಮಿಲಿಮೀಟರಿನಷ್ಟು ತಪ್ಪಾಗಿ ಜೋಡಿಸಲ್ಪಟ್ಟಿತ್ತು. ಬೇರೆ ಉಪಕರಣಗಳು ದೋಷವನ್ನು ಸೂಚಿಸಿದುವು. ಅವು ಒರಟು ಸಾಧನಗಳೆಂದು ಅಲಕ್ಷಿಸಲಾಯಿತು! 1990ರಲ್ಲಿ ಮಬ್ಬು ಕಣ್ಣಿನ ದೂರದರ್ಶಕವು ಆಕಾಶಕ್ಕೇರಿತು. ಅದು ಕೆಲವು ನೂರು ಕಿಲೋಮೀಟರುಗಳ ಎತ್ತರದಲ್ಲಿದ್ದುದರಿಂದ 1993ರಲ್ಲಿ ಮನುಷ್ಯರು ಹೋಗಿ ಸರಿಪಡಿಸಿದರು. ಪ್ಲಾಟೋವಿನ ನೆಲೆಯಾದರೋ 15 ಲಕ್ಷ ಕಿಲೋಮೀಟರು ದೂರ. ಅಲ್ಲಿಗೆ ರಿಪೇರಿಯವರು ಹೋಗುವುದೆಂತು?

ಈ ವಿಷಯವು ನಮಗೆ ಪರಕೀಯವಲ್ಲ. 2023ರಲ್ಲಿ ಅಷ್ಟೇ ದೂರಕ್ಕೆ ಹೊರಟ ಆದಿತ್ಯ-ಎಲ್1ರ ಸೂರ್ಯಕಿರೀಟವೀಕ್ಷಕ ಯಂತ್ರವು ಬೆಂಗಳೂರಿನ ಖಭೌತ ಸಂಸ್ಥೆಯವರಿಂದ ಹೊಸಕೋಟೆಯ ಸಮೀಪದಲ್ಲಿಯೇ ಜೋಡಿಸಲ್ಪಟ್ಟಿತು. ಆಯವ್ಯಯ ಪತ್ರಿಕೆಯಲ್ಲಿ ಕತ್ತರಿಯಾಡಿಸುವಾಗ ಪರೀಕ್ಷಾಗೃಹದ ಬಾಬ್ತಿನ ಮೇಲೆಯೇ ಮೊದಲು ಕಣ್ಣಿಡುವ ಪದ್ಧತಿಯು ಯಾವ ದೇಶದ ಕಚೇರಿಗೂ ಶೋಭಿಸದು. ಒಂದು ಅಳತೆಯನ್ನು ಎರಡನೆಯ, ಸ್ವತಂತ್ರವಾದ ಸಾಧನದಿಂದ ತಾಳೆನೋಡುವುದು ನಿಯಮವಾಗಿರಬೇಕು. ಪರೀಕ್ಷಾವರದಿಗಳು, ಪ್ರತಿಕೂಲವಾದವುಗಳೂ ಸಹ, ಉಡಾವಣೆಗೆ ಮುಂಚೆಯೇ ಸಾರ್ವಜನಿಕರ ಮುಂದೆ ಬರಬೇಕು.