ನೋಡೋಣ

ಕನ್ನಡದಲ್ಲಿ ದಿನಾ ಓವರ್‌ಟೈಮ್ ಮಾಡುವ ಪದ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಒಂದೇ: "ನೋಡೋಣ". ಗೃಹಪ್ರವೇಶಕ್ಕೆ ಬರ್ತೀರಾ? ನೋಡೋಣ. ಫ್ರಿಡ್ಜ್ ಹಳೇದಾಯ್ತು, ಹೊಸದು ತಗೊಳ್ಳೋಣ್ವಾ? ನೋಡೋಣ. ಹುಡುಗನ ಕಡೆಯವರು ಫೋನ್ ಮಾಡಿದ್ರು, ಏನು ಹೇಳ್ಲಿ? ನೋಡೋಣ ಅನ್ನು. ಬರಲ್ಲ ಅಂತ ಹೇಳಿ ನಿಷ್ಠುರ ಆಗಬೇಕಿಲ್ಲ, ಬರ್ತೀನಿ ಅಂತ ಹೇಳಿ ಸಿಕ್ಕಿಹಾಕಿಕೊಳ್ಳಬೇಕಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು. ನಮ್ಮ ದೊಡ್ಡಬಳ್ಳಾಪುರದ ಕಡೆ ಹಿರಿಯರು ಇದನ್ನೇ ಸ್ವಲ್ಪ ಎಳೆದು "ನೋಡಾನ ಬಿಡು" ಅಂತಾರೆ. ಆ "ಬಿಡು" ಸೇರಿತು ಅಂದರೆ ವಿಷಯ ಇನ್ನಾರು ತಿಂಗಳು ಮೇಲೇಳಲ್ಲ ಅಂತ ಅರ್ಥ.

ಈ ಪದ ತನ್ನ ಅಸಲಿ ಅರ್ಥದಲ್ಲಿ ಉಳಿದಿದ್ದ ಜಾಗ ಅಂದರೆ ಸಿನಿಮಾ. "ಸಿನಿಮಾ ನೋಡೋಣ" ಅಂದರೆ ಜನ ನಿಜವಾಗಲೂ ಸಿನಿಮಾ ನೋಡುತ್ತಿದ್ದರು. ಈಗ ಅಲ್ಲೂ ಕೆಟ್ಟುಹೋಗಿದೆ. ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ನಡೆಯೋ ಸಂಭಾಷಣೆ ನಿಮ್ಮ ಮನೆಯದಕ್ಕಿಂತ ಬೇರೆ ಇರಲಿಕ್ಕಿಲ್ಲ.

"ಯಾವ್ದು ಹಾಕ್ಲಿ?"

"ಯಾವ್ದಾದ್ರೂ ಸರಿ ರೀ."

"ಇದು?"

"ಅಯ್ಯೋ ಅದು ಬೇಡ, ಕೊನೇಲಿ ಹೀರೋ ಸಾಯ್ತಾನಂತೆ."

"ಮತ್ತೆ ಇದು?"

"ಮೂರು ಗಂಟೆ ಇದೆ, ಯಾರು ಕೂತ್ಕೋತಾರೆ?"

"ಹಂಗಾದ್ರೆ ಯಾವ್ದು?"

"ಯಾವ್ದಾದ್ರೂ ಸರಿ ಅಂದ್ನಲ್ಲ!"

ಅಮ್ಮನಿಗೆ ಕಾಮಿಡಿ ಬೇಕು. ಅಪ್ಪನಿಗೆ ಫೈಟ್ ಇಲ್ಲದ್ದು ಸಿನಿಮಾನೇ ಅಲ್ಲ. ಹೆಂಡತಿಗೆ ಯಾವ್ದಾದ್ರೂ ಸರಿ, ಆದರೆ ನಾನು ತೋರಿಸಿದ್ದು ಯಾವುದೂ ಸರಿಯಿಲ್ಲ. ಒಂಬತ್ತು ಟ್ರೈಲರ್ ಮುಗಿಯೋ ಹೊತ್ತಿಗೆ ಅನ್ನ ಆರಿರುತ್ತೆ, ಅಪ್ಪ ಕುರ್ಚಿಯಲ್ಲೇ ಗೊರಕೆ ಹೊಡೀತಿರ್ತಾರೆ. ಟ್ರೈಲರ್‌ಗಳನ್ನೇ ಜೋಡಿಸಿದರೆ ಇಂಟರ್‌ವಲ್‌ವರೆಗಿನ ಸಿನಿಮಾ ಆಗುತ್ತೆ.

ಇದು ಬರೀ ನಮ್ಮ ಮನೆ ಕಥೆ ಅಲ್ಲ ಅಂತ ನೆಟ್‌ಫ್ಲಿಕ್ಸ್‌ನವರಿಗೂ ಗೊತ್ತಿತ್ತು. 2021ರ ಏಪ್ರಿಲ್‌ನಲ್ಲಿ ಅವರು ‘ಪ್ಲೇ ಸಮ್‌ಥಿಂಗ್’ ಅಂತ ಒಂದು ಬಟನ್ ತಂದರು. ಒತ್ತಿದರೆ ಸಾಕು, ಏನೋ ಒಂದನ್ನು ಅದೇ ಆರಿಸಿ ಹಾಕುತ್ತಿತ್ತು. "ಯಾವ್ದಾದ್ರೂ ಸರಿ" ಅನ್ನೋರಿಗೆ ಅಂತಲೇ ಹೇಳಿ ಮಾಡಿಸಿದ ಹಾಗಿತ್ತು. ಜನ ಒತ್ತಲೇ ಇಲ್ಲ. ಬಳಕೆ ಕಡಿಮೆ ಅಂತ 2023ರ ಆರಂಭದಲ್ಲಿ ಅದನ್ನು ತೆಗೆದುಹಾಕಿದರು. ಬೇರೆ ಯಾರಾದರೂ ಆರಿಸಿಕೊಟ್ಟರೂ ನಮಗೆ ಬೇಡ, ನಾವೇ ಆರಿಸೋದೂ ಆಗಲ್ಲ. ಒಬ್ಬ ಇಂಜಿನಿಯರ್ ಆಗಿ ಆ ಬಟನ್ ಬರೆದವರನ್ನು ನೆನೆಸಿಕೊಂಡರೆ ಪಾಪ ಅನ್ನಿಸುತ್ತೆ.

ಈ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು "ನಮ್ಮ ಕಾಲದಲ್ಲಿ ದೂರದರ್ಶನದಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಒಂದೇ ಸಿನಿಮಾ, ಎಷ್ಟು ಚೆನ್ನಾಗಿತ್ತು" ಅಂತ ನಿಟ್ಟುಸಿರು ಬಿಡ್ತಾರೆ. ಆ ನಾಲ್ಕು ಗಂಟೆ ಸಿನಿಮಾದ ಬಾಲವನ್ನು ನಾನೂ ಹಿಡಿದಿದ್ದೇನೆ. ಚೆನ್ನಾಗಿತ್ತು, ನಿಜ. ಆದರೆ "ಥೂ, ಇದನ್ನ ಹೋದ ವರ್ಷಾನೇ ಹಾಕಿದ್ರು" ಅಂತ ಬೈಯುತ್ತಾ ನೋಡಿದ್ದೂ ಅಷ್ಟೇ ನಿಜ. ಆಗ ನಾವು ಬಲು ಗಟ್ಟಿ ಮನಸ್ಸಿನವರಾಗಿದ್ದೆವು ಅಂತೇನಿಲ್ಲ. ಆರಿಸೋ ಕೆಲಸವೇ ನಮ್ಮ ಪಾಲಿಗೆ ಬಂದಿರಲಿಲ್ಲ.

ಹಾಗಾದರೆ ಜಾಸ್ತಿ ಇದ್ದದ್ದೇ ತಪ್ಪಾ? ಇದಕ್ಕೆ ಎಲ್ಲರೂ ಹೇಳೋ ಒಂದು ಜ್ಯಾಮ್ ಕಥೆ ಇದೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅನ್ನೋ ಮನಃಶಾಸ್ತ್ರಜ್ಞರು ಅಮೆರಿಕದ ಒಂದು ಅಂಗಡಿಯಲ್ಲಿ ಒಮ್ಮೆ 24 ಬಗೆ, ಇನ್ನೊಮ್ಮೆ 6 ಬಗೆ ಜ್ಯಾಮ್ ರುಚಿ ನೋಡೋಕೆ ಇಟ್ಟರು. 24 ಇಟ್ಟಾಗ ಹೆಚ್ಚು ಜನ ನಿಂತು ನೋಡಿದರು, ಆದರೆ ನಿಂತವರಲ್ಲಿ ಕೊಂಡವರು ನೂರಕ್ಕೆ ಸುಮಾರು 3 ಮಂದಿ. 6 ಇಟ್ಟಾಗ ನೂರಕ್ಕೆ ಸುಮಾರು 30 ಮಂದಿ. 2000ದಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಹೇಳದ ಮ್ಯಾನೇಜರ್ ಇಲ್ಲ. ಅವರು ಹೇಳದೆ ಬಿಡೋದು ಮುಂದಿನ ಭಾಗ. ಇಂಥ ಹತ್ತಾರು ಪ್ರಯೋಗಗಳನ್ನು 2010ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಅಂತ ಬಂತು. ಕೆಲವು ಕಡೆ ಜಾಸ್ತಿ ಆಯ್ಕೆ ಜನರನ್ನು ಕಂಗೆಡಿಸಿತ್ತು, ಕೆಲವು ಕಡೆ ಖುಷಿಪಡಿಸಿತ್ತು. ಏನು ಬೇಕು ಅಂತ ಮೊದಲೇ ಗೊತ್ತಿದ್ದವನಿಗೆ ಜಾಸ್ತಿ ಇದ್ದರೆ ತೊಂದರೆ ಇಲ್ಲ.

ನಂಬಿಕೆ ಬರದಿದ್ದರೆ ಭಾನುವಾರ ಬೆಳಗಿನ ಜಾವ ಹೊಸಕೋಟೆಗೆ ಹೋಗಿ. ಇನ್ನೂ ಕತ್ತಲು, ದಂ ಬಿರಿಯಾನಿ ಅಂಗಡಿ ಮುಂದೆ ಉದ್ದಕ್ಕೆ ಕ್ಯೂ. ಬೆಂಗಳೂರಿನ ಆ ತುದಿಯಿಂದ ನಿದ್ದೆಗೆಟ್ಟು ಗಾಡಿ ಓಡಿಸಿಕೊಂಡು ಬಂದ ಹುಡುಗರು ರೀಲ್ಸ್ ಮಾಡ್ತಾ ನಿಂತಿರ್ತಾರೆ. ಇದೇ ಹುಡುಗರು ರೂಮಿನಲ್ಲಿ ಊಟದ ಆ್ಯಪ್ ತೆಗೆದು ಮುಕ್ಕಾಲು ಗಂಟೆ ಮೇಲೆ ಕೆಳಗೆ ಉಜ್ಜಿ, ಕೊನೆಗೆ ಮ್ಯಾಗಿ ಮಾಡಿಕೊಂಡು ತಿಂತಾರೆ. ಇಲ್ಲಿ ಕ್ಯೂನಲ್ಲಿ ಒಬ್ಬರಿಗೂ ಗೊಂದಲ ಇಲ್ಲ. ಸಿನಿಮಾದಲ್ಲೂ ಹಾಗೇ. ಉಪೇಂದ್ರ ನಿರ್ದೇಶನದ ‘ಓಂ’ 1995ರಲ್ಲಿ ಬಂದದ್ದು. ಆಮೇಲೆ 500ಕ್ಕೂ ಹೆಚ್ಚು ಸಲ ಮರುಬಿಡುಗಡೆ ಆಗಿ ಲಿಮ್ಕಾ ದಾಖಲೆ ಪುಸ್ತಕ ಸೇರಿತು. ಪುನೀತ್ ಅವರ 50ನೇ ಹುಟ್ಟುಹಬ್ಬಕ್ಕೆ ಅಂತ 2002ರ ‘ಅಪ್ಪು’ವನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಥಿಯೇಟರಿಗೆ ತಂದಾಗ ಜನ ಮೊದಲ ದಿನ ಮೊದಲ ಶೋ ಅಂತ ಕುಣಿದರು. ಕಥೆ ಗೊತ್ತು, ಡೈಲಾಗ್ ಬಾಯಿಪಾಠ. ಯಾವುದನ್ನು ನೋಡಬೇಕು ಅನ್ನೋ ಪ್ರಶ್ನೆ ಇಲ್ಲದ ಮೂರು ಗಂಟೆಗೆ ಅವರು ದುಡ್ಡು ಕೊಟ್ಟಿದ್ದು.

ಗೊತ್ತಿಲ್ಲದವರು ಏನು ಮಾಡಬೇಕು? ಹರ್ಬರ್ಟ್ ಸೈಮನ್ ಅಂತ ಒಬ್ಬರಿದ್ದರು. ಕಂಪ್ಯೂಟರಿನವರು ನಮ್ಮವರು ಅಂತೀವಿ, ಅರ್ಥಶಾಸ್ತ್ರದವರು ತಮ್ಮವರು ಅಂತಾರೆ. 1975ರಲ್ಲಿ ಟ್ಯೂರಿಂಗ್ ಪ್ರಶಸ್ತಿ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್, ಎರಡೂ ಅವರಿಗೆ ಬಂದಿವೆ. ಮನುಷ್ಯ ಎಲ್ಲಕ್ಕಿಂತ ಉತ್ತಮವಾದ್ದನ್ನು ಹುಡುಕೋಕೆ ಹೊರಟರೆ ಆಯಸ್ಸು ಸಾಲದು, "ಇಷ್ಟಿದ್ದರೆ ಆಯಿತು" ಅಂತ ಒಂದು ಗೆರೆ ಹಾಕಿಕೊಂಡು ಅದನ್ನು ದಾಟಿದ ಮೊದಲನೆಯದನ್ನು ತಗೋತಾನೆ, ಅಂತ ಅವರು ಹೇಳಿದರು. ಇದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದ ಸಿಗದೆ ‘ಸ್ಯಾಟಿಸ್‌ಫೈಸ್’ ಅನ್ನೋ ಅಪರೂಪದ ಪದವನ್ನು ಎತ್ತಿಕೊಂಡರು. ನಮ್ಮಜ್ಜಿಗೆ ಆ ಕಷ್ಟ ಇರಲಿಲ್ಲ. ಎಲೆ ಮೇಲೆ ಕೈ ಅಡ್ಡ ಹಿಡಿದು "ಸಾಕು" ಅಂತಿದ್ದರು.

"ಸಾಕು" ಅನ್ನೋಕೆ ಆಗದವರ ಗತಿ ಏನು ಅಂತ ನೋಡಬೇಕಾದರೆ ಗಿರೀಶ ಕಾರ್ನಾಡರ ‘ಹಯವದನ’ದ ಪದ್ಮಿನಿಯನ್ನು ನೋಡಿ. ಗಂಡ ದೇವದತ್ತನಿಗೆ ತಲೆ ಚುರುಕು, ಅವನ ಗೆಳೆಯ ಕಪಿಲನಿಗೆ ಮೈಕಟ್ಟು. ಇಬ್ಬರೂ ಕಾಳಿ ಗುಡಿಯಲ್ಲಿ ತಲೆ ಕಡಿದುಕೊಂಡಾಗ, ತಲೆಗಳನ್ನು ಮುಂಡಕ್ಕೆ ಜೋಡಿಸೋ ಗಡಿಬಿಡಿಯಲ್ಲಿ ಇವಳು ಅದಲುಬದಲು ಮಾಡಿಬಿಡ್ತಾಳೆ. ಆ ತಲೆ, ಈ ಮೈ, ಎರಡೂ ಒಬ್ಬನಲ್ಲೇ! ಹೊಸ ಫೋನಿಗೆ ಕ್ಯಾಮೆರಾನೂ ಚೆನ್ನಾಗಿರಬೇಕು, ಬ್ಯಾಟರಿನೂ ಬರಬೇಕು, ರೇಟೂ ಕಡಿಮೆ ಇರಬೇಕು ಅಂತ ಹನ್ನೆರಡು ರಿವ್ಯೂ ನೋಡೋ ನಮಗೆ ಅವಳ ಖುಷಿ ಚೆನ್ನಾಗಿ ಅರ್ಥ ಆಗುತ್ತೆ. ಆದರೆ ಕಾಲ ಕಳೆದ ಹಾಗೆ ಮೈಗಳು ತಲೆ ಹೇಳಿದಂತೆ ಬದಲಾಗಿ ಮತ್ತೆ ಮೊದಲಿನ ಹಾಗೇ ಆಗಿಬಿಡ್ತವೆ. ಒಂದನ್ನು ಆರಿಸೋದು ಅಂದರೆ ಇನ್ನೊಂದನ್ನು ಬಿಡೋದು. ನಮಗೆ ಕಷ್ಟ ಆಗೋದು ಆ ಬಿಡೋ ಭಾಗ.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಸಿನಿಮಾ, ಫೋನು, ಬಿರಿಯಾನಿ ಮಾತಾಗುತ್ತೆ. ನಾನು ಹೇಳಬೇಕು ಅಂತಿರೋದು ನಮ್ಮೂರಿನ ಮಗ್ಗದಿಂದ ಕಲಿತದ್ದು. ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಬೀದಿಯಲ್ಲಿ ನಡೆದರೆ ಮನೆಮನೆಯಿಂದ ಲಟಪಟ ಸದ್ದು ಕೇಳುತ್ತೆ. ಬಟ್ಟೆಯಲ್ಲಿ ಎರಡು ಥರದ ಎಳೆ. ಉದ್ದಕ್ಕೆ ಇರೋದು ಹಾಸು, ಅಡ್ಡಕ್ಕೆ ಹೋಗೋದು ಹೊಕ್ಕು. ಹಾಸನ್ನು ಮೊದಲೇ ಬೀಮಿಗೆ ಸುತ್ತಿ, ಒಂದೊಂದು ಎಳೆಯನ್ನೂ ಹಿಡಿದು ಮಗ್ಗಕ್ಕೆ ಏರಿಸಬೇಕು. ಒಂದು ಸಲ ಏರಿಸಿದರೆ ಎಷ್ಟೋ ಸೀರೆಗಳವರೆಗೆ ಅದೇ. ನಡುವೆ ಬಣ್ಣ ಇಷ್ಟ ಆಗಲಿಲ್ಲ ಅಂದರೆ ಏನೂ ಮಾಡೋ ಹಾಗಿಲ್ಲ. ಹೊಕ್ಕು ಹಾಗಲ್ಲ. ಲಾಳಿಯಲ್ಲಿನ ಕಂಡಿಕೆ ಬದಲಾಯಿಸಿದರೆ ಮುಂದಿನ ಸೀರೆಗೆ ಬೇರೆ ಬಣ್ಣ. ಅದೇ ಕೆಂಪು ಹಾಸಿನ ಮೇಲೆ ಒಂದು ಸೀರೆಗೆ ಹಸಿರು ಹೊಕ್ಕು, ಇನ್ನೊಂದಕ್ಕೆ ನೀಲಿ. ಯಾವ ನೇಕಾರನೂ ಕಂಡಿಕೆ ಮುಂದೆ ನಿಂತು ಮುಕ್ಕಾಲು ಗಂಟೆ ತಲೆ ಕೆರೆದುಕೊಳ್ಳಲ್ಲ. ಯೋಚನೆ ಎಲ್ಲ ಹಾಸು ಏರಿಸೋ ಮುಂಚೆ.

ನಾವು ಉಲ್ಟಾ. ಸಿನಿಮಾ, ಊಟ, ಮೊಬೈಲ್ ಕವರ್, ಇವೆಲ್ಲ ಹೊಕ್ಕು. ಹಿಡಿಸಲಿಲ್ಲ ಅಂದರೆ ಹದಿನೈದು ನಿಮಿಷಕ್ಕೆ ಬದಲಾಯಿಸಬಹುದು. ಅವಕ್ಕೆ ನಾವು ರಾತ್ರಿಗಟ್ಟಲೆ ಕೊಡ್ತೀವಿ. ಸಿಇಟಿ ಆದಮೇಲೆ ನನ್ನ ಆಪ್ಷನ್ ಎಂಟ್ರಿ ತುಂಬಿದ್ದು ಊರಿನ ಸೈಬರ್ ಸೆಂಟರಿನಲ್ಲಿ, ಅರ್ಧ ಗಂಟೆಯಲ್ಲಿ. "ಕಂಪ್ಯೂಟರ್ ಸೈನ್ಸ್ ಮೇಲೆ ಹಾಕು, ಎಲ್ರೂ ಅದೇ ಹಾಕ್ತವ್ರೆ" ಅಂದಿದ್ದು ಸೆಂಟರಿನ ಮಾಲೀಕರು. ನಡೆದುಹೋಯಿತು, ಇವತ್ತಿಗೂ ಅದರಿಂದಲೇ ಅನ್ನ. ಆದರೆ ಅಂದು ಅಲ್ಲಿಗೆ ಹಾಕಿಕೊಂಡು ಹೋಗೋ ಶರ್ಟಿಗೆ ನಾನು ಅದಕ್ಕಿಂತ ಜಾಸ್ತಿ ಹೊತ್ತು ತಗೊಂಡಿದ್ದೆ.

ಹಾಸಿನ ಮಾತು ಬಂದಾಗ ನೆಲಮಂಗಲ ಹತ್ತಿರದ ಸೋಲದೇವನಹಳ್ಳಿ ನೆನಪಾಗುತ್ತೆ. ನಟಿ ಲೀಲಾವತಿ ಅವರು ಸಿನಿಮಾದ ಗದ್ದಲ ಬಿಟ್ಟು, ಮಗ ವಿನೋದ್ ರಾಜ್ ಜೊತೆ ಅಲ್ಲಿ ತೋಟ ಮಾಡಿಕೊಂಡು ನೆಲೆಸಿದರು. ಊರವರಿಗೆ ಆಸ್ಪತ್ರೆ ಕಟ್ಟಿಸಿದರು, ದನಕರುಗಳಿಗೂ ಒಂದು ಆಸ್ಪತ್ರೆ ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ಅವರು ತೀರಿಕೊಂಡಾಗ ಟಿವಿಯವರು ಹಳೇ ಹಾಡುಗಳನ್ನು ಹಾಕಿದರು. ಸೋಲದೇವನಹಳ್ಳಿಯವರಿಗೆ ನೆನಪು ಮಾಡಿಕೊಳ್ಳೋಕೆ ಬೇರೆಯದೂ ಇತ್ತು. ಎಲ್ಲಿ ಬದುಕಬೇಕು ಅಂತ ನಿರ್ಧಾರ ಮಾಡೋದು ಅಂದರೆ ಅದು.

ನಮ್ಮ ಮನೆಯಲ್ಲಿ ಆ ಥರದ ಒಂದು ವಿಷಯ ಲಾಕ್‌ಡೌನ್ ಕಾಲದಿಂದ "ನೋಡಾನ ಬಿಡು" ಅನ್ನೋ ಗೂಡಿನಲ್ಲಿ ಕೂತಿತ್ತು. ಮನೆ ಹಿಂದೆ ಅಪ್ಪನ ನಾಲ್ಕು ಮಗ್ಗ. ನೂಲಿನ ರೇಟು ಏರ್ತಾ ಇದೆ, ಸೂರತ್ತಿನ ಸೀರೆ ಕಡಿಮೆ ಬೆಲೆಗೆ ಬರ್ತಾ ಇದೆ, ಕೆಲಸಕ್ಕೆ ಜನ ಇಲ್ಲ. ಇಟ್ಟುಕೊಳ್ಳೋದಾ, ಕೊಡೋದಾ? "ಮಗ ಊರಲ್ಲೇ ಇರ್ತಾನೋ ಬೆಂಗಳೂರಿಗೆ ಹೋಗ್ತಾನೋ ನೋಡ್ಕೊಂಡು ಹೇಳ್ತೀನಿ" ಅನ್ನೋದು ಅಪ್ಪನ ಲೆಕ್ಕ. ನಮಗೆ ಆಫೀಸಿಗೆ ಹತ್ತಿರ ಅಂತ ಯಲಹಂಕದಲ್ಲಿ ಒಂದು ಮನೆ ನೋಡಿಟ್ಟಿದ್ದೆವು. "ಅಪ್ಪ ಮಗ್ಗದ ವಿಷಯ ಏನು ಮಾಡ್ತಾರೋ ನೋಡ್ಕೊಂಡು ಹೋಗೋಣ" ಅನ್ನೋದು ನಮ್ಮ ಲೆಕ್ಕ. ನಮ್ಮ ಕೆಲಸದಲ್ಲಿ ಇದಕ್ಕೆ ಡೆಡ್‌ಲಾಕ್ ಅಂತಾರೆ. ಎರಡು ಪ್ರೋಗ್ರಾಂ, ಇದು ಮುಗಿಯಲಿ ಅಂತ ಅದು, ಅದು ಮುಗಿಯಲಿ ಅಂತ ಇದು. ಎರಡರಲ್ಲೂ ತಪ್ಪಿಲ್ಲ, ಕೆಲಸ ಮಾತ್ರ ಒಂದಿಂಚೂ ಮುಂದೆ ಹೋಗಲ್ಲ. ಯಾವುದಾದರೂ ಒಂದು ಹಿಡಿದದ್ದನ್ನು ಬಿಡಬೇಕು.

ಈ ಸಲ ಯುಗಾದಿ ಆದ ವಾರ, ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ ಬಿಟ್ಟರು. "ಈಗ ಬೀಮಲ್ಲಿರೋ ಹಾಸು ಓಡ್ಲಿ. ಮುಗಿದ್ಮೇಲೆ ಎರಡು ಮಗ್ಗಕ್ಕೆ ಹೊಸ ಹಾಸು ಹಾಕಲ್ಲ, ಕೊಟ್ಬಿಡ್ತೀನಿ. ಇನ್ನೆರಡು ನನ್ನ ಕೈಕಾಲು ಆಡೋವರ್ಗೂ ಇರ್ತವೆ. ನೀನು ಹೋಗ್ತೀಯೋ ಇರ್ತೀಯೋ ಅದು ನಿನ್ನ ಲೆಕ್ಕ ಕಣಪ್ಪ, ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡ." ಅಮ್ಮ ಏನೂ ಮಾತಾಡದೆ ಅವರ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು.

ಹಾಸು ಮುಗಿಯೋಕೆ ಇನ್ನೆರಡು ತಿಂಗಳು ಹಿಡಿಯಿತು. ಆಮೇಲೆ ಗಾಡಿ ಬಂತು, ಎರಡು ಮಗ್ಗ ಹೋದವು. ಮೊದಲ ರಾತ್ರಿ ಸದ್ದು ಕಡಿಮೆಯಾಗಿದ್ದಕ್ಕೆ ನನಗೆ ನಿದ್ದೆ ಬರಲಿಲ್ಲ. ಎದ್ದು ನೋಡಿದರೆ ಅಪ್ಪನೂ ಎದ್ದಿದ್ದರು. ಆ ವಾರದಲ್ಲೇ ನಾವು ಯಲಹಂಕದ ಮನೆ ಬೇಡ ಅಂತ ಫೋನ್ ಮಾಡಿ ಹೇಳಿದೆವು. ಇದು ಸರಿಯೋ ಅಲ್ಲವೋ, ನಾಲ್ಕು ವರ್ಷದ ಮೇಲೆ ಗೊತ್ತಾಗುತ್ತೆ. ಆದರೆ ಗೂಡು ಖಾಲಿಯಾಯಿತು.

ಅಂದಹಾಗೆ, ನಿಮ್ಮ ಮನೆಯಲ್ಲಿ ಬಹಳ ದಿನದಿಂದ "ನೋಡೋಣ" ಅಂತಿರೋ ಮಾತು ಯಾವುದು? ಅದು ಹೊಕ್ಕಾದರೆ ಇವತ್ತು ರಾತ್ರಿಯೇ ಕೈಗೆ ಸಿಕ್ಕ ಕಂಡಿಕೆ ಹಾಕಿ. ಹಾಸಾದರೆ ಟಿವಿ ಆಫ್ ಮಾಡಿ, ಎಲ್ಲರೂ ಊಟಕ್ಕೆ ಕೂತಿರುವಾಗಲೇ ತೆಗೀರಿ.